ಮನಸ್ಸು ತಿರುಗುವ ಹೊತ್ತು

ಮದ್ರಸದಲ್ಲಿ ಮೂರನೇ ತರಗತಿಯಲ್ಲಿದ್ದಾಗ ನಾನು ಈ ದುಆ ಕಲಿತೆ. ‘ಯಾ ಮುಖಲ್ಲಿಬಲ್ ಖುಲೂಬ್’ ಎಂದು ಶುರುವಾಗುವ ಪುಟ್ಟ ದುಆ. ಒಂದೇ ಉಸಿರಿಗೆ ಹೇಳಿ ಮುಗಿಸಬಹುದು. ಉಸ್ತಾದರು ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿಸುತ್ತಿದ್ದರು. ತಪ್ಪಿದವನು ಸಾಲಿನ ಕೊನೆಗೆ ಹೋಗಬೇಕು. ನಾನು ಒಮ್ಮೆಯೂ ಹೋಗಲಿಲ್ಲ. ಅಂದಿನಿಂದ ಸುಜೂದಿನಲ್ಲಿ ಅದನ್ನು ಹೇಳುತ್ತಾ ಬಂದಿದ್ದೇನೆ, ಹೇಳುತ್ತಿದ್ದೇನೆ ಎಂಬುದೇ ನನಗೆ ಗೊತ್ತಾಗದಷ್ಟು ರೂಢಿಯಾಗಿ.

ನಮ್ಮ ಕಾಲೇಜಿನ ಇತರ ಧರ್ಮದ ಗೆಳೆಯರಿಗಾಗಿ ಅರ್ಥ ಹೇಳುತ್ತೇನೆ. ಮನಸ್ಸುಗಳನ್ನು ತಿರುಗಿಸುವವನು ಅಲ್ಲಾಹನು. ಅವನನ್ನು ಹಾಗೆಂದೇ ಕರೆದು, ತನ್ನ ಮನಸ್ಸನ್ನು ಅವನ ಧರ್ಮದಲ್ಲಿ ಕದಲದಂತೆ ನಿಲ್ಲಿಸಬೇಕೆಂದು ಬೇಡಿಕೊಳ್ಳುವುದು. ಅಷ್ಟೇ.

ಇನ್ನು ನಡೆದ ಸಂಗತಿಗೆ ಬರುತ್ತೇನೆ. ಮಾವನ ಮಗಳ ನಿಖಾಹ್‌ಗೆ ಹೋಗಿದ್ದರಿಂದ ಒಂದು ಫಿಸಿಕ್ಸ್ ಪ್ರಾಕ್ಟಿಕಲ್ ನನಗೆ ತಪ್ಪಿಹೋಗಿತ್ತು. ಮೀಟರ್ ಬ್ರಿಡ್ಜ್ ಪ್ರಯೋಗ. ಇನ್ನೊಂದು ದಿನ ಮಾಡುತ್ತೇನೆಂದು ಸರ್ ಬಳಿ ಹೇಳಬಹುದಿತ್ತು. ಹೇಳಲಿಲ್ಲ. ರೆಕಾರ್ಡ್ ಕೊಡುವ ಹಿಂದಿನ ರಾತ್ರಿ ಗೆಳೆಯನ ಪುಸ್ತಕ ತಂದು ರೀಡಿಂಗ್‌ಗಳನ್ನೆಲ್ಲ ಹಾಗೆಯೇ ಇಳಿಸಿಕೊಂಡೆ. ಅವನು ಅವಸರದಲ್ಲಿ ಒಂದು ಕಡೆ 43.7 ಸೆಂ.ಮೀ. ಎಂದು ಬರೆಯಬೇಕಾದಲ್ಲಿ 47.3 ಎಂದು ಬರೆದಿದ್ದ. ಲೆಕ್ಕ ಮಾತ್ರ 43.7ರದ್ದೇ, ಉತ್ತರವೂ ಸರಿ. ನಾನು ಆ ತಪ್ಪನ್ನೂ ಚಂದ ಮಾಡಿ ಬರೆದಿದ್ದೆ.

ಸರ್ ಇಬ್ಬರನ್ನೂ ಕರೆದರು. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು, "ಯಾರು ಯಾರದ್ದು ನೋಡಿ ಬರೆದದ್ದು?" ಎಂದು ಕೇಳಿದರು. ನಾನು ನೆಲ ನೋಡಿದೆ. ಸ್ವಲ್ಪ ಹೊತ್ತು ಕಾದು ಅವರು ಗೆಳೆಯನ ಕಡೆ ತಿರುಗಿ, "ನೀನೇ ಅಲ್ವಾ?" ಅಂದರು. ಹಾಗೆ ಅನ್ನಲು ಕಾರಣವಿತ್ತು. ನನಗೆ ಅವನಿಗಿಂತ ಮಾರ್ಕು ಜಾಸ್ತಿ. ಮೇಲಾಗಿ ಕಾಲೇಜಿನ ನಮಾಝ್ ಕೋಣೆಯಲ್ಲಿ ಹೆಚ್ಚಿನ ದಿನ ಅಝಾನ್ ಕೊಡುವವನು ನಾನೇ. ಅವನು ನನ್ನನ್ನು ಒಮ್ಮೆ ನೋಡಿದ, ಏನೂ ಹೇಳಲಿಲ್ಲ. ಬೈಗುಳ ಅವನಿಗೆ, ಪ್ರಯೋಗ ಮತ್ತೆ ಮಾಡಬೇಕಾದ ಶಿಕ್ಷೆಯೂ ಅವನಿಗೆ. ನನ್ನ ಪುಸ್ತಕಕ್ಕೆ ಸಹಿ ಬಿತ್ತು.

ಆ ದಿನವೂ ಝುಹರ್‌ಗೆ ಅಝಾನ್ ಕೊಟ್ಟವನು ನಾನೇ.

ಸುಜೂದಿನಲ್ಲಿ ನಾಲಗೆ ಎಂದಿನಂತೆ ದುಆ ಹೇಳತೊಡಗಿತು, ಅರ್ಧದಲ್ಲಿ ನಿಂತಿತು. ನನ್ನ ಮನಸ್ಸು ತಿರುಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಅಲ್ಲಿಯವರೆಗೆ ನಾನು ಈ ದುಆವನ್ನು ದೊಡ್ಡ ಪರೀಕ್ಷೆಗಳಿಗೆ ಮೀಸಲಾದದ್ದು ಎಂದುಕೊಂಡಿದ್ದೆ. ಬೆದರಿಕೆ, ಆಮಿಷ, ಈಮಾನಿಗೇ ಕುತ್ತು ಬರುವಂಥದ್ದು. ಎರಡು ರೆಕಾರ್ಡ್ ಪುಸ್ತಕಗಳ ನಡುವೆ, ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತಿನಲ್ಲಿ ಮನಸ್ಸು ಮಗುಚಿಬೀಳುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

ಮನೆಗೆ ಬಂದು ಹದೀಸ್ ಪುಸ್ತಕ ತೆರೆದೆ. ತಿರ್ಮಿದಿಯಲ್ಲಿ ಈ ದುಆದ ಬಗ್ಗೆ ಉಮ್ಮು ಸಲಮಾ(ರ) ಅವರ ವರದಿಯಿದೆ. ಪ್ರವಾದಿ(ಸ) ನಿಮ್ಮ ಬಳಿ ಇರುವಾಗ ಅತಿ ಹೆಚ್ಚು ಮಾಡುತ್ತಿದ್ದ ದುಆ ಯಾವುದೆಂದು ಒಬ್ಬರು ಕೇಳಿದಾಗ ಅವರು ಹೇಳಿದ್ದು ಇದನ್ನೇ. ಅನಸ್(ರ) ಅವರ ವರದಿಯೂ ಇದೆ. ನಾವು ತಮ್ಮ ಮೇಲೆ ವಿಶ್ವಾಸ ಇಟ್ಟಿದ್ದೇವಲ್ಲ, ಆದರೂ ನಮ್ಮ ಬಗ್ಗೆ ತಮಗೆ ಭಯವೇ ಎಂದು ಅವರು ಕೇಳುತ್ತಾರೆ. ಹೌದು ಎಂಬುದೇ ಪ್ರವಾದಿಯವರ(ಸ) ಉತ್ತರ. ಎದುರಿಗಿದ್ದವರು ಯಾರು? ಹಗಲಿರುಳು ಅವರ ಜೊತೆಗೇ ಇದ್ದ ಸಹಾಬಿಗಳು! ಅವರ ಬಗ್ಗೆಯೇ ಭಯವಿತ್ತು ಎಂದಾದರೆ, ಅಝಾನ್ ಕೊಡುತ್ತೇನೆ ಎಂಬ ಧೈರ್ಯದಲ್ಲಿದ್ದ ನಾನು ಯಾವ ಲೆಕ್ಕ?

ಅರಬಿಯಲ್ಲಿ ಹೃದಯಕ್ಕೆ ‘ಖಲ್ಬ್’ ಎನ್ನುತ್ತಾರೆ. ತಿರುಗಿಸುವುದು, ಮಗುಚುವುದು ಎಂಬ ಮಾತೂ ಅದೇ ಧಾತುವಿನದು. ಮದ್ರಸದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಹೇಳಿಯೂ ಇರಬಹುದು, ಸಾಲಿನ ಮುಂದೆ ನಿಲ್ಲುವ ಗಡಿಬಿಡಿಯಲ್ಲಿ ನಾನು ಕೇಳಿರಲಿಕ್ಕಿಲ್ಲ. ಕಡ್ಡಾಯ ನಮಾಝ್ ಮಾತ್ರ ಲೆಕ್ಕ ಹಿಡಿದರೂ ದಿನಕ್ಕೆ 17 ರಕಅತ್. ಪ್ರತಿ ರಕಅತ್‌ನ ಫಾತಿಹಾದಲ್ಲಿ ನೇರ ದಾರಿ ತೋರಿಸೆಂದು ಕೇಳುತ್ತೇವೆ. ದಾರಿ ಗೊತ್ತಿದ್ದವನು 17 ಸಲ ಯಾಕೆ ಕೇಳಬೇಕು ಎಂದು ಹೈಸ್ಕೂಲಿನಲ್ಲಿ ಜಾಣನಂತೆ ಒಂದು ಪ್ರಶ್ನೆ ಎತ್ತಿದ್ದೆ. ಈಗ ಆ ಪ್ರಶ್ನೆ ನನಗಿಲ್ಲ.

ಕೂಡಲೇ ಹೋಗಿ ಒಪ್ಪಿಕೊಂಡೆ ಎಂದು ಬರೆದರೆ ಚಂದ ಕಾಣುತ್ತಿತ್ತು. ಹಾಗಾಗಲಿಲ್ಲ. ಒಂಬತ್ತು ದಿನ ಹಿಡಿಯಿತು. ದಿನಾ ದುಆ ಮಾಡುವುದು, ದಿನಾ ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗುವುದು, ಒಳಗೆ ಬೇರೆ ಲೆಕ್ಚರರ್ ಇದ್ದಾರೆ ಎಂಬ ನೆಪದಲ್ಲಿ ವಾಪಸ್ ಬರುವುದು. ದುಆ ಮಾಡಿದ ಮೇಲೆ ಕಾಲು ತಾನಾಗಿ ಮುಂದೆ ಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲ, ಕಾಲು ನಾವೇ ಎತ್ತಿಡಬೇಕು. ದುಆ ನನಗೆ ಮಾಡಿದ್ದು ಒಂದೇ: ಮರೆತುಬಿಡಲು ಬಿಡಲಿಲ್ಲ. ದಿನಕ್ಕೆ ಐದು ಹೊತ್ತು ಅದೇ ಜಾಗಕ್ಕೆ ತಂದು ನಿಲ್ಲಿಸಿತು.

ಹತ್ತನೇ ದಿನ ಹೇಳಿದೆ. ಸರ್ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಸಹಿಯ ಮೇಲೆ ಗೀಟು ಎಳೆದು, "ನಾಳೆ ಮೂರೂವರೆಗೆ ಲ್ಯಾಬಿಗೆ ಬಾ. ಅವನಿಗೆ ನಾನು ಹೇಳುತ್ತೇನೆ, ನೀನೂ ಹೇಳು" ಅಂದರು. ಗೆಳೆಯನ ಬಳಿ ಕ್ಷಮೆ ಕೇಳಿದೆ. "ಆಯ್ತು ಬಿಡು ಮಾರಾಯ" ಅಂದ. ಮೊದಲಿನಂತೆ ಊಟಕ್ಕೆ ಒಟ್ಟಿಗೆ ಕೂರುವುದು ಇನ್ನೂ ಶುರುವಾಗಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ.

ಮರುದಿನ ಲ್ಯಾಬಿನಲ್ಲಿ ನಾನೊಬ್ಬನೇ. ತಂತಿಯ ಮೇಲೆ ಜಾಕಿ ಇಟ್ಟರೆ ಗ್ಯಾಲ್ವನೋಮೀಟರಿನ ಮುಳ್ಳು ಎಡಕ್ಕೆ ಹೋಗುತ್ತದೆ, ಸ್ವಲ್ಪ ಸರಿಸಿದರೆ ಬಲಕ್ಕೆ. ಸೊನ್ನೆಯಲ್ಲಿ ನಿಲ್ಲುವ ಜಾಗ ಹುಡುಕಲು ತುಂಬಾ ಹೊತ್ತು ಬೇಕಾಯಿತು. ಬಾಗಿಲ ಬಳಿ ಗೆಳೆಯ ನಿಂತಿದ್ದ, ಬಸ್ಸಿಗೆ ಇನ್ನೂ ಸಮಯವಿತ್ತೇನೋ. "ಎಷ್ಟು ಬಂತು?" ಎಂದು ಅಲ್ಲಿಂದಲೇ ಕೇಳಿದ.

43.5 ಬಂದಿತ್ತು. ಹಾಗೆಯೇ ಬರೆದೆ.