ಸ್ಪಿತಿಯ ಜಲ್ಲಿದಾರಿ

ಹಿಮಾಚಲ ಪ್ರದೇಶದ ಈಶಾನ್ಯದಂಚಿನಲ್ಲಿ, ಟಿಬೆಟ್ಟಿನ ಗಡಿಗೆ ಅಂಟಿಕೊಂಡು ಒಂದು ಕಣಿವೆ ಇದೆ. ಅದರ ಹೆಸರು ಸ್ಪಿತಿ. ಆ ಹೆಸರಿಗೆ ‘ನಡುವಣ ನಾಡು’ ಎಂದು ಅರ್ಥ ಹೇಳುತ್ತಾರೆ; ಟಿಬೆಟ್ಟಿಗೂ ಭಾರತದ ಬಯಲುಸೀಮೆಗೂ ನಡುವೆ ನಿಂತಿರುವ ಆ ಪ್ರದೇಶಕ್ಕೆ ಅದು ಅನ್ವರ್ಥನಾಮವೇ ಸರಿ. ಮುಂಗಾರಿನ ಮೋಡಗಳು ದಕ್ಷಿಣದ ಗಿರಿಶ್ರೇಣಿಗಳನ್ನು ತಾಕಿ ತಮ್ಮ ಸಂಪತ್ತನ್ನೆಲ್ಲ ಅಲ್ಲಿಯೇ ಸುರಿದುಬಿಡುತ್ತವೆ. ಅವನ್ನು ದಾಟಿ ಬರುವುದು ಬಹುಮಟ್ಟಿಗೆ ಬರಿಯ ಗಾಳಿ. ಆದುದರಿಂದ ಇಲ್ಲಿನ ಬೆಟ್ಟಗಳ ಮೈಮೇಲೆ ಕಾಡಿಲ್ಲ. ಬೂದಿ, ಕಾವಿ, ನೇರಳೆ ಬಣ್ಣಗಳ ಕಲ್ಲುಮಣ್ಣು ಮಾತ್ರ. ಹಿಮ ಕರಗಿದ ನೀರನ್ನು ಕಾಲುವೆಯಲ್ಲಿ ಹರಿಸಿಕೊಂಡ ಕಡೆ ಬಾರ್ಲಿ ಮತ್ತು ಬಟಾಣಿಯ ಹಸುರು ತುಂಡು; ಅದರ ಪಕ್ಕದಲ್ಲಿ ಸುಣ್ಣ ಬಳಿದ ಮಣ್ಣಿನ ಮನೆಗಳ ಒಂದು ಊರು. ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಒಂದು ಚದರ ಕಿಲೋಮೀಟರಿಗೆ ಸರಾಸರಿ ಇಬ್ಬರೇ ನಿವಾಸಿಗಳು.

ಇಂತಹ ನಾಡಿಗೆ ಬೇಸಗೆಯಲ್ಲಿ ಸೈಕಲ್ ಏರಿ ಬರುವವರಿದ್ದಾರೆ. ಬಸ್ಸೂ ಜೀಪೂ ಇರುವಾಗ ಈ ಕಷ್ಟವೇಕೆ ಎಂದು ಗೃಹಸ್ಥರು ಹುಬ್ಬೇರಿಸಿದರೆ ತಪ್ಪಿಲ್ಲ. ಆದರೆ ಸೈಕಲ್ಲಿಗೂ ಜಲ್ಲಿದಾರಿಗೂ ಇರುವ ನಂಟು ಹೊಸತಲ್ಲ. 1910ರಲ್ಲಿ ಫ್ರಾನ್ಸಿನ ಪ್ರಸಿದ್ಧ ಸೈಕಲ್ ಪಂದ್ಯವು ಪಿರನೀಸ್ ಪರ್ವತಗಳ 2,115 ಮೀಟರ್ ಎತ್ತರದ ಟೂರ್ಮಲೇ ಕಣಿವೆದಾರಿಯನ್ನು ಮೊದಲ ಬಾರಿಗೆ ಹತ್ತಿದಾಗ ಅಲ್ಲಿ ಇದ್ದುದು ಡಾಂಬರಿಲ್ಲದ ಹಾದಿಯೇ. ಅನಂತರ ಡಾಂಬರು ಬಂತು, ಸಪುರ ಟೈರಿನ ಸೈಕಲ್ ಬಂತು, ಜಲ್ಲಿದಾರಿ ಮರೆತುಹೋಯಿತು. ಈ ಶತಮಾನದಲ್ಲಿ ಅಮೆರಿಕದ ಕ್ಯಾನ್ಸಸ್ ಮೊದಲಾದ ಪ್ರಾಂತಗಳ ಹಳ್ಳಿಹಾದಿಗಳಲ್ಲಿ ಆ ಹಳೆಯ ಗೀಳು ಮರಳಿ ಚಿಗುರಿತು. 2022ರಲ್ಲಿ ಇಟಲಿಯಲ್ಲಿ ಜಲ್ಲಿದಾರಿಯ ಸವಾರಿಗೆಂದೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಇದಕ್ಕಾಗಿ ಸಿದ್ಧವಾಗಿರುವ ಸೈಕಲ್ಲನ್ನು ಗ್ರಾವೆಲ್ ಬೈಕ್ ಎಂದು ಕರೆಯುತ್ತಾರೆ. ನೋಟಕ್ಕೆ ಅದು ಪಂದ್ಯದ ಸೈಕಲ್ಲಿನಂತೆಯೇ, ಬಾಗಿದ ಹ್ಯಾಂಡಲ್ಲಿನದು. ಆದರೆ ಪಂದ್ಯದ ಸೈಕಲ್ಲಿನ ಟೈರು 25–28 ಮಿಲಿಮೀಟರ್ ಅಗಲವಿದ್ದರೆ, ಇದರದು 40–50 ಮಿಲಿಮೀಟರ್. ಅದರಲ್ಲಿ ತುಂಬುವ ಗಾಳಿಯೂ ಕಡಿಮೆ. ಗಾಳಿ ಕಡಿಮೆಯಾದಷ್ಟೂ ಟೈರು ಕಲ್ಲಿನ ಮೇಲೆ ಪುಟಿಯದೆ, ಅದನ್ನು ತಬ್ಬಿ ದಾಟುತ್ತದೆ. ಸವಾರನ ಬೆನ್ನುಮೂಳೆಗೆ ಬೀಳಬೇಕಾದ ಪೆಟ್ಟನ್ನು ತಾನೇ ನುಂಗುತ್ತದೆ. ಏರಿನಲ್ಲಿ ಕಾಲು ಸೋಲದಿರಲು ಅತಿ ಹಗುರವಾದ ಗೇರು, ಇಳಿಜಾರಿನಲ್ಲಿ ಕೈಬಿಡದಿರಲು ಡಿಸ್ಕ್ ಬ್ರೇಕು. ಇಷ್ಟಿದ್ದರೂ ದಾರಿಯನ್ನು ಓದುವ ಕಣ್ಣು ಇಲ್ಲದಿದ್ದರೆ ಯಂತ್ರವೊಂದೇ ಕಾಯಲಾರದು. ವಾಹನಗಳ ಗಾಲಿ ಹಾದ ಜಾಡು ಗಟ್ಟಿ. ನಡುವಣ ದಿಬ್ಬವೂ ತಿರುವಿನ ಹೊರ ಅಂಚೂ ಸಡಿಲ. ಬ್ರೇಕನ್ನು ತಿರುವಿಗೆ ಮುನ್ನ ಹಿಡಿಯಬೇಕಲ್ಲದೆ ತಿರುವಿನೊಳಗೆ ಹಿಡಿಯಬಾರದು. ಭಾರದ ಗಾಡಿಗಳು ಓಡಿ ಓಡಿ ರಸ್ತೆಯ ಮೈ ತಗಡಿನ ಛಾವಣಿಯಂತೆ ಅಲೆಅಲೆಯಾಗಿರುವ ಕಡೆ, ಅಂಚಿನಲ್ಲಿ ಉಳಿದಿರುವ ಒಂದು ಗೇಣು ನಯವಾದ ನೆಲವೇ ಸವಾರನ ಭಾಗ್ಯ.

ಸ್ಪಿತಿಗೆ ಎರಡು ಬಾಗಿಲುಗಳು. ಒಂದು ಶಿಮ್ಲಾದ ಕಡೆಯದು. ನಾರ್ಕಂಡಾ, ರಾಂಪುರಗಳನ್ನು ಹಾದು, ಸಟ್ಲೆಜ್ ನದಿಯ ಜೊತೆಯಲ್ಲಿಯೇ ಕಿನ್ನೌರ್ ಸೀಮೆಯನ್ನು ದಾಟಿ, ಖಾಬ್ ಎಂಬಲ್ಲಿ ಸ್ಪಿತಿ ನದಿಯ ಸಂಗಮವನ್ನು ಕಂಡು, ನಾಕೋ ಊರಿಗೆ ಏರಿ, ಟಾಬೋ ಮಾರ್ಗವಾಗಿ ಕಾಜಾ ಪಟ್ಟಣವನ್ನು ಸೇರುವ ಹಾದಿ. 400 ಕಿಲೋಮೀಟರಿಗೂ ಮಿಗಿಲು. ಟಾಬೋದ ಮಣ್ಣಿನ ಗೋಡೆಯ ಬೌದ್ಧವಿಹಾರವು ಕ್ರಿ.ಶ. 996ರಲ್ಲಿ ಸ್ಥಾಪಿತವಾದುದು, ಅದರ ಕತ್ತಲೆಯ ಮಂಟಪದಲ್ಲಿ ಸಾವಿರ ವರ್ಷದ ಭಿತ್ತಿಚಿತ್ರಗಳು ಇಂದಿಗೂ ಉಳಿದಿವೆ. ದಾರಿ ಉದ್ದವಾದರೂ ಇದು ದಯಾಳುವಾದ ದಾರಿ. ದಿನಕ್ಕಿಷ್ಟು ಎಂದು ಮೆಲ್ಲಮೆಲ್ಲನೆ ಎತ್ತರಕ್ಕೆ ಒಯ್ಯುತ್ತದೆ.

ಇನ್ನೊಂದು ಬಾಗಿಲು ಮನಾಲಿಯ ಕಡೆಯದು. ಸುಮಾರು 200 ಕಿಲೋಮೀಟರ್ ಮಾತ್ರ. ಆದರೆ ದಯೆ ಕಡಿಮೆ. 3,978 ಮೀಟರ್ ಎತ್ತರದ ರೋಹ್ತಾಂಗ್ ದಾಟಿ ಇಳಿಯುವಾಗ ಗ್ರಾಂಫೂ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಅಲ್ಲಿಂದ ಬಾತಲ್‌ವರೆಗೆ, ಚಂದ್ರಾ ನದಿಯ ದಡದ ಸುಮಾರು 50 ಕಿಲೋಮೀಟರುಗಳು ಸವಾರರ ನಡುವೆ ಬಹುಕಾಲದಿಂದ ಹೆಸರಾಗಿವೆ. ಹಲವು ಕಡೆ ಅದು ದಾರಿಯೆನ್ನುವುದಕ್ಕಿಂತ ಬತ್ತಿದ ಹೊಳೆಯ ಪಾತ್ರವೆನ್ನಬೇಕು. ತೆಂಗಿನಕಾಯಿ ಗಾತ್ರದ ಕಲ್ಲುಗಳು. ಮೇಲಿನ ಹಿಮನದಿಗಳಿಂದ ಇಳಿವ ತೊರೆಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಬೆಳಗಿನ ಜಾವ ಪಾದ ಮುಳುಗುವಷ್ಟಿದ್ದ ನೀರು, ಬಿಸಿಲಿಗೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮೀರಿ ರಭಸದಿಂದ ನುಗ್ಗುವುದುಂಟು. ಆದುದರಿಂದ ಬಲ್ಲವರು ಸೂರ್ಯನಿಗಿಂತ ಮುಂಚೆ ಹೊರಟು ತೊರೆಗಳನ್ನು ದಾಟಿಬಿಡುತ್ತಾರೆ. ಬಾತಲ್ ಆದ ಮೇಲೆ ಕುಂಜುಮ್ ಕಣಿವೆದಾರಿಯ ಏರು. ಅದರ ಎತ್ತರ 4,551 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಇನ್ನೂ 700 ಮೀಟರ್ ಉಳಿಯುತ್ತದೆ. ನೆತ್ತಿಯಲ್ಲಿ ಕುಂಜುಮ್ ದೇವಿಯ ಗುಡಿ, ಸ್ತೂಪಗಳು, ಗಾಳಿಗೆ ಪಟಪಟಿಸುವ ಮಂತ್ರದ ಬಾವುಟಗಳು. ಈಚಿನ ನೀರು ಚಂದ್ರಾ ನದಿಯ ಮೂಲಕ ಚೆನಾಬಿಗೆ. ಆಚಿನದು ಸ್ಪಿತಿಯ ಮೂಲಕ ಸಟ್ಲೆಜ್‌ಗೆ. ವಾಹನ ಚಾಲಕರು ಗುಡಿಗೆ ಒಂದು ಪ್ರದಕ್ಷಿಣೆ ಹಾಕಿಯೇ ಮುಂದೆ ಸಾಗುವುದು ರೂಢಿ.

ಈ ಹಾದಿಯಲ್ಲಿ ಕಲ್ಲಿಗಿಂತಲೂ ಕಠಿನವಾದುದು ಗಾಳಿಯ ಬಡತನ. 4,500 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡವು ಕಡಲತೀರದಲ್ಲಿರುವುದರ ಐದರಲ್ಲಿ ಮೂರು ಪಾಲಿಗಿಂತಲೂ ಕಡಿಮೆ. ಅಷ್ಟೇ ಉಸಿರಿಗೆ ಅಷ್ಟು ಕಡಿಮೆ ಪ್ರಾಣವಾಯು. ತಲೆನೋವು, ಓಕರಿಕೆ, ನಿದ್ರೆಗೇಡು ಮೊದಲ ಎಚ್ಚರಿಕೆಗಳು. ಅವನ್ನು ಕಡೆಗಣಿಸಿ ಮೇಲೇರಿದವರಿಗೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. 3,000 ಮೀಟರಿನ ಮೇಲೆ, ರಾತ್ರಿ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಮಿಸಬೇಕು ಎಂಬುದು ವೈದ್ಯರ ಮಾತು. ಕಾಯಿಲೆ ಬಲಿತರೆ ಕೆಳಗಿಳಿಯುವುದೇ ಮೊದಲ ಮದ್ದು.

ಕಾಜಾದಿಂದ ಹೊರಡುವ ಮೇಲ್ದಾರಿಗಳು ಸ್ಪಿತಿಯ ಮುಕುಟ. ಲಾಂಗ್‌ಜಾ ಎಂಬ ಊರಿನ ಎತ್ತರದಲ್ಲಿ ಬೃಹತ್ ಬುದ್ಧಮೂರ್ತಿ ಕಣಿವೆಯನ್ನು ದಿಟ್ಟಿಸುತ್ತ ಕುಳಿತಿದೆ. ಅದರ ಆಸುಪಾಸಿನ ಮಣ್ಣಿನಲ್ಲಿ ಸುರುಳಿ ಶಂಖದಂತಹ ಕಲ್ಲುಗಳು ಸಿಗುತ್ತವೆ. ಹಿಮಾಲಯ ಹುಟ್ಟುವ ಮುನ್ನ ಅಲ್ಲಿದ್ದ ಟೆಥಿಸ್ ಸಾಗರದ ಜೀವಿಗಳ ಅವಶೇಷ ಅವು. ಕಂಡದ್ದನ್ನು ಕಂಡಲ್ಲಿಯೇ ಬಿಟ್ಟುಬರುವುದು ಧರ್ಮ. ಮುಂದೆ ಹಿಕ್ಕಿಮ್; ಸುಮಾರು 4,400 ಮೀಟರ್ ಎತ್ತರದ ಈ ಊರಿಗೆ 1983ರಲ್ಲಿ ಅಂಚೆಕಚೇರಿ ಬಂತು. ಅಲ್ಲಿಂದ ಮನೆಗೆ ಒಂದು ಕಾರ್ಡು ಬರೆಯದೆ ಹೋಗುವ ಸವಾರರು ವಿರಳ. ಅದರಾಚೆ ಕೋಮಿಕ್. ಇನ್ನೊಂದು ಮಗ್ಗುಲಿನಲ್ಲಿ, ಗುಡ್ಡದ ಮೇಲೆ ಪೇರಿಸಿಟ್ಟ ಪೆಟ್ಟಿಗೆಗಳಂತೆ ಕಾಣುವ ಕೀ ವಿಹಾರ, ಅದರ ಮೇಲೆ ಕಿಬ್ಬರ್, ಅದರಾಚೆ ಆಳವಾದ ಕಮರಿಯೊಂದರ ಎದುರು ದಡದಲ್ಲಿ ಚಿಚಮ್.

ಈ ಚಿಚಮ್ ಊರಿನ ಬಳಿ ಸವಾರನು ಒಂದು ಗಳಿಗೆ ನಿಂತು ಯೋಚಿಸುವುದು ಉಚಿತ. 2017ರಲ್ಲಿ ಇಲ್ಲಿ ಸೇತುವೆ ತೆರೆಯುವ ಮುನ್ನ ಊರಿನವರು ಕಮರಿಯ ಮೇಲೆ ಕಟ್ಟಿದ ತಂತಿಗೆ ಜೋತ ತೊಟ್ಟಿಲಲ್ಲಿ ಕುಳಿತು, ಹಗ್ಗವನ್ನು ಕೈಯಿಂದ ಜಗ್ಗಿಕೊಂಡು ಕಿಬ್ಬರ್ ಕಡೆಗೆ ದಾಟುತ್ತಿದ್ದರು. ಬಸುರಿಯೂ ಅದರಲ್ಲೇ, ಅಕ್ಕಿಯ ಮೂಟೆಯೂ ಅದರಲ್ಲೇ. ಇಂದು ಅದೇ ಸೇತುವೆಯಿಂದಾಗಿ ಕೀ, ಕಿಬ್ಬರ್, ಚಿಚಮ್‌ಗಳನ್ನು ಹಾದು ಲೋಸಾರ್ ಕಡೆಗೆ ಹೊರಳುವ ಸುಂದರವಾದ ಸೈಕಲ್ ಹಾದಿಯೊಂದು ದೊರೆತಿದೆ. ಸವಾರನಿಗೆ ಅದು ಒಂದು ದಿನದ ಉಲ್ಲಾಸ. ಊರಿನವರಿಗೆ ಆಸ್ಪತ್ರೆಯ ದಾರಿ.

ಸ್ಪಿತಿಯ ಜಲ್ಲಿದಾರಿಗಳ ಭವಿಷ್ಯವೂ ಈ ಮಾತಿನೊಳಗೇ ಅಡಗಿದೆ. ಗ್ರಾಂಫೂವಿನಿಂದ ಕಾಜಾಕ್ಕೆ ಬರುವ ಹೆದ್ದಾರಿಯನ್ನು ಅಗಲಗೊಳಿಸಿ ಡಾಂಬರು ಹಾಕುವ ಕೆಲಸವನ್ನು ಗಡಿ ರಸ್ತೆಗಳ ಸಂಸ್ಥೆ ಭಾಗಭಾಗವಾಗಿ ಕೈಗೊಂಡಿದೆ. ಮೇಲಿನ ಊರುಗಳ ಹಾದಿಯಲ್ಲಿಯೂ ಅಲ್ಲಲ್ಲಿ ಡಾಂಬರು ಕಾಣುತ್ತದೆ. ಸಾಹಸಪ್ರಿಯರಲ್ಲಿ ಕೆಲವರಿಗೆ ಇದು ವ್ಯಥೆಯ ಸಂಗತಿ. ಒರಟು ದಾರಿ ಹೋದರೆ ಸ್ಪಿತಿಯ ಸೊಗಸೂ ಹೋದಂತೆ ಎಂದು ಅವರ ಅಳಲು. ಆದರೆ ಆ ಒರಟುತನದ ಬೆಲೆಯನ್ನು ತೆರುವವರು ಯಾರು? ಸ್ಪಿತಿಯ ರೈತನಿಗೆ ಹಸಿ ಬಟಾಣಿಯೇ ವರ್ಷದ ಮುಖ್ಯ ಕಾಸು. ಕೊಯ್ದ ಬಟಾಣಿ ಬಯಲಿನ ಮಂಡಿಯನ್ನು ಬಾಡುವ ಮುನ್ನ ಮುಟ್ಟಬೇಕು. ತೊರೆಯೊಂದು ರಸ್ತೆ ಕೊಚ್ಚಿದ ದಿನ ಸವಾರನ ದಿನಚರಿಗೆ ಒಂದು ರೋಚಕ ಪುಟ ದೊರೆಯುತ್ತದೆ. ಲಾರಿಯಲ್ಲಿ ರೈತನ ವರ್ಷದ ದುಡಿಮೆ ಕೊಳೆಯುತ್ತದೆ. ಚಳಿಗಾಲದಲ್ಲಿ ಕುಂಜುಮ್ ಹಿಮದಿಂದ ಮುಚ್ಚಿದ ಮೇಲೆ, ಆ ಇಡೀ ನಾಡಿಗೆ ಉಳಿಯುವುದು ಕಿನ್ನೌರಿನ ಕಡೆಯ ಒಂದೇ ದಾರಿ. ಅದರ ಮೇಲೂ ಕಲ್ಲು ಕುಸಿಯುತ್ತದೆ, ಹಿಮ ಜಾರುತ್ತದೆ.

ಹಾಗೆಂದು ಸವಾರನು ಬರಬಾರದೆಂದಲ್ಲ. ಬರಲಿ, ಅವನಷ್ಟು ನಿಧಾನವಾಗಿ, ಅಷ್ಟು ಹತ್ತಿರದಿಂದ ಆ ನಾಡನ್ನು ನೋಡುವ ಪ್ರವಾಸಿ ಬೇರೊಬ್ಬನಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅವನಿಗೆ ತಕ್ಕ ಕಾಲ. ಹಳ್ಳಿಯ ಮನೆಗಳಲ್ಲಿ ತಂಗಿ ಬಾಡಿಗೆ ಕೊಟ್ಟರೆ ಆ ಹಣ ಊರಿನಲ್ಲಿಯೇ ಉಳಿಯುತ್ತದೆ. ನೀರು ಅಲ್ಲಿ ಅಳತೆಯ ವಸ್ತು. ಅದನ್ನು ಅಳತೆಯಿಂದಲೇ ಬಳಸಬೇಕು. ದಾರಿ ಬಿಟ್ಟು ಇಳಿಜಾರಿನಲ್ಲಿ ಗಾಲಿ ಓಡಿಸಬಾರದು. ಒಣನೆಲದಲ್ಲಿ ತುಳಿದ ಗಿಡ ಮತ್ತೆ ಚಿಗುರಲು ವರ್ಷಗಳು ಹಿಡಿಯುತ್ತವೆ. ಎದುರಾದವರಿಗೆ ‘ಜುಲೇ’ ಎಂದು ವಂದಿಸಿದರೆ ಅದೇ ಮಾತಿನ ಪ್ರತಿವಂದನೆ ಮುಗುಳ್ನಗೆಯೊಡನೆ ಬರುತ್ತದೆ.

ದಾರಿಯ ಬದಿಯಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕಲ್ಲು ಒಡೆಯುವ ಕಾರ್ಮಿಕರ ಗುಂಪುಗಳು ಕಾಣುತ್ತವೆ. ಹಲವರು ಝಾರ್ಖಂಡ, ಬಿಹಾರ, ನೇಪಾಳಗಳಿಂದ ಬಂದವರು. ಸವಾರನ ಟೈರಿನಡಿಯಲ್ಲಿ ಕರಕರ ಎನ್ನುವ ಜಲ್ಲಿಯಲ್ಲಿ ಅವರ ಕೈಯಿಂದ ಬಿದ್ದುದೂ ಸೇರಿದೆ. ಮುಂದಿನ ಬೇಸಗೆಯಲ್ಲಿ ಅದರ ಮೇಲೆ ಡಾಂಬರು ಬಿದ್ದರೆ, ಸೈಕಲ್ಲಿಗೆ ಹೊಸ ದಾರಿಗಳು ಆ ಬೆಟ್ಟಗಳಲ್ಲಿ ಇನ್ನೂ ಸಿಕ್ಕಾವು. ಬಟಾಣಿಯ ಲಾರಿಗೆ ಮಾತ್ರ ಇರುವುದು ಅದೊಂದೇ.