ಹಳೇ ಸೀರೆಗಳ ವಿಲೇವಾರಿ

ತೀರಿಹೋದವರ ಬಂಗಾರಕ್ಕೆ ವಾರಸುದಾರರು ಬೇಗ ಸಿಗುತ್ತಾರೆ. ಹೊಲಮನೆಗೂ ಯಾರಾದರೂ ಇದ್ದೇ ಇರುತ್ತಾರೆ. ತಕರಾರೆಲ್ಲ ದಿನಬಳಕೆಯ ಸೀರೆಗಳದ್ದು. ಉಡೋಣವೆಂದರೆ ನೂಲು ಸವೆದಿದೆ, ಕೊಡೋಣವೆಂದರೆ ಇಸಿದುಕೊಳ್ಳುವವರಿಲ್ಲ, ಎಸೆಯೋಣವೆಂದರೆ ಕೈ ಬಾರದು. ಅವ್ವ ಹೋದ ಮೇಲೆ ಅವಳ ಸೀರೆಗಳ ಟ್ರಂಕು ಇಳಕಲ್ಲಿನ ಕಡೆಯಿಂದ ರಾತ್ರಿ ಬಸ್ಸು ಹತ್ತಿ ನಾಗರಬಾವಿ ಎರಡನೇ ಹಂತದ ನಮ್ಮ ಮನೆಗೆ ಬಂದು, ಬೇರೆ ಜಾಗವಿಲ್ಲದೆ ಮಂಚದ ಕೆಳಗೆ ಸೇರಿತು. ಕಸ ಗುಡಿಸುವಾಗಲೆಲ್ಲ ಕೈಗೆ ತಾಗುತ್ತಿತ್ತು. ತೆಗೆಯುವ ಧೈರ್ಯ ಮಾತ್ರ ಬರುತ್ತಿರಲಿಲ್ಲ.

ಊರಿಂದ ಬಂದ ಚಿಗವ್ವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: “ಇದನ್ಯಾಕ ಹಿಂಗ ಮುಚ್ಚಿ ಇಟ್ಟೀಯವ್ವಾ? ಕೌದಿ ಹೊಲಿ, ಸುಮ್ನ.”

ನಮ್ಮ ಕಡೆ ಕೌದಿಯಿಲ್ಲದ ಮನೆ ಕಡಿಮೆ. ಹಳೇ ಸೀರೆ, ಧೋತರಗಳನ್ನು ಪದರಪದರವಾಗಿ ನೆಲಕ್ಕೆ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಸಾದಾ ಹೊಲಿಗೆ ಓಡಿಸಿದರೆ ಆಯಿತು. ತೀರ ಹಳತಾದ ಕೌದಿಯೂ ಬೀದಿ ಪಾಲಾಗುವುದಿಲ್ಲ, ಹೊಸ ಕೌದಿಯ ಒಳಗೆ ಸೇರಿಕೊಳ್ಳುತ್ತದೆ. ನಾವು ಚಿಕ್ಕವರಿದ್ದಾಗ ಕೌದಿ ಹೊಲಿಯುವ ಹೆಣ್ಣುಮಕ್ಕಳು ಊರೂರು ತಿರುಗಿ ಬರುತ್ತಿದ್ದರು. ಪಡಸಾಲೆಯಲ್ಲಿ ಕೂತು, ಸೂಜಿಯ ಜೊತೆಗೆ ನಾಲ್ಕೂರಿನ ಸುದ್ದಿಯನ್ನೂ ಓಡಿಸುತ್ತಿದ್ದರು. ನಾಗರಬಾವಿಯಲ್ಲಿ ಪಡಸಾಲೆ ಎಲ್ಲಿಂದ ಬರಬೇಕು? ಹಾಲಿನ ಸೋಫಾ ಗೋಡೆಗೆ ಒತ್ತಿ, ಟೀಪಾಯಿಯನ್ನು ಬಾಲ್ಕನಿಗೆ ಸಾಗಿಸಿ, ಊಟವಾದ ಮೇಲೆ ಕೂರತೊಡಗಿದೆ.

ಕಷ್ಟವಾದದ್ದು ಹೊಲಿಯುವುದಲ್ಲ, ಕತ್ತರಿ ಹಾಕುವುದು. ಇಳಕಲ್ ಸೀರೆಯ ಒಡಲು, ಸೆರಗು ಒಂದೇ ಹಾಸಿನವಲ್ಲ. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ, ಆಮೇಲೆ ನೇಯುತ್ತಾರೆ. ಅವ್ವನ ಸೀರೆಗಳಲ್ಲಿ ಒಡಲು ಜಾಳಾಗಿತ್ತು. ಸೆರಗಿನ ಬಿಳಿ ತೆನೆಗಳು ಮಾತ್ರ ನಿನ್ನೆ ನೇಯ್ದ ಹಾಗಿದ್ದವು. ನೇಕಾರ ಕೂಡಿಸಿದ ಜಾಗಕ್ಕೆ ನಾನೇಕೆ ಕತ್ತರಿ ಇಡಲಿ ಎಂದುಕೊಂಡು, ಒಂದು ಸೆರಗನ್ನು ಒಡಲಿನ ಸಮೇತ ಕೌದಿಯ ನಡುವಿಗೆ ಇಟ್ಟೆ.

ಒಂದು ನೀಲಿ ಸೀರೆಗೆ ಒಲೆಯ ಕಿಡಿ ಸಿಡಿದು ತೂತಾಗಿತ್ತು. ಅದನ್ನು ಅವ್ವ ಸಿಕ್ಕಿದ ಹಸಿರು ದಾರದಿಂದಲೇ ಮುಚ್ಚಿದ್ದಳು. ಆ ತುಂಡನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ನನ್ನ ಹೊಲಿಗೆ ಓಡಿಸಿದೆ. ದೀಪದ ಕೆಳಗೆ ನೋಡಿದರೆ ಅವಳದು ನೂಲು ಹಿಡಿದಂತೆ ನೇರ, ನನ್ನದು ಇರುವೆ ಸಾಲು. ಅವಳು ಹೋದ ಮೇಲೆ ನಾನು ನಕ್ಕದ್ದು ಆಗಲೇ ಇರಬೇಕು. ಕೆಲಸವಿಲ್ಲದ ದುಃಖ ತಲೆಗೇರಿ ಕೂರುತ್ತದೆ. ಸೂಜಿ ಹಿಡಿದರೆ ಬೆರಳಿಗೆ ಇಳಿಯುತ್ತದೆ. ಕರಗಿ ಹೋಗುತ್ತದೆ ಎನ್ನಲಾರೆ. ಆದರೆ ಇವತ್ತು ಈ ಸಾಲಿನವರೆಗೆ ಸಾಕು, ಮಿಕ್ಕದ್ದು ನಾಳೆ ಎಂದರೆ ಕೇಳುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕೌದಿಗಳು ಈಗ ಕಲಾಲೋಕದಲ್ಲೂ ಹೆಸರು ಮಾಡಿವೆ. ಅವರೂ ಮೂಲೆಯಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂವಿರದಿದ್ದರೆ ಕೌದಿ ಬರಿಮೈಯಲ್ಲಿದ್ದಂತೆಯೇ ಅವರಿಗೆ. ಮುಗಿಯುವ ಹೊತ್ತಿಗೆ ಕೆಲವರು ನಡುವೆ ನಾಲ್ಕು ಅಕ್ಕಿಕಾಳು ಹಾಕಿ ಅದರ ಹೊಟ್ಟೆ ತುಂಬಿಸುತ್ತಾರೆ. ಹೊದ್ದವರಿಗೆ ಅನ್ನ ತಪ್ಪದಿರಲಿ ಎಂದು. ನಾನು ಸಿದ್ದಿಯವಳಲ್ಲ. ಆದರೂ ಬಂದವರಿಗೆಲ್ಲ ಉಣ್ಣಿಸಿ ಕಳಿಸುತ್ತಿದ್ದವಳ ಸೀರೆಗಳನ್ನು ಬರಿಹೊಟ್ಟೆಯಲ್ಲಿ ಮುಚ್ಚಲು ಮನಸ್ಸು ಬಾರದೆ ನಾಲ್ಕು ಜೋಳದ ಕಾಳು ಹಾಕಿದೆ.

ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. 1942ರಲ್ಲಿ ಅಲ್ಲಿನ ಮಿಸ್ಸೂರಿ ಪೆಟ್‌ವೇ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಹರಿದು ಕೌದಿ ಹೊಲಿದಳು; ಅವನ ನೆನಪಿಗೆ, ಅದರಡಿ ಬೆಚ್ಚಗೆ ಮಲಗುವುದಕ್ಕೆ. ಈ ಕತೆ ಹೇಳಿದವಳು ತಂದೆಯನ್ನು ಕಳೆದುಕೊಂಡ ಮಗಳು ಆರ್ಲೋಂಜಿಯಾ. ಆ ಕೌದಿಯೀಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ಸಂತೋಷವೇ. ಆದರೆ ಅಲ್ಲಿ ಅದನ್ನು ಹೊದ್ದು ಮಲಗುವವರು ಯಾರು ಎಂಬ ಸಣ್ಣ ಸಂಕಟ ನನಗೆ.

ನನ್ನ ಕೌದಿ ನೋಡಿದ ಗೆಳತಿಯರೂ ಕೊಟ್ಟದ್ದು ಅದೇ ಸಲಹೆ: “ಫ್ರೇಮ್ ಹಾಕ್ಸಿ ಗೋಡೆಗೆ ಹಾಕ್ಬಿಡ್ರೀ, ಎಷ್ಟು ಚೆನ್ನಾಗಿರತ್ತೆ!” ಫೋನಿನಲ್ಲಿ ಹೇಳಿದರೆ ಚಿಗವ್ವ ರೇಗಿದಳು: “ಹೊಚಗೊಳ್ಳಾಕ ಹೊಲದದ್ದಲ್ಲೇನ ಅದು? ಗ್ವಾಡಿಗೇನು ಥಂಡಿ ಹತ್ತೈತೇನು?”

ನಾಗರಬಾವಿಗಂತೂ ಹತ್ತುತ್ತದೆ. ಡಿಸೆಂಬರಿನ ರಾತ್ರಿ ಜ್ಞಾನಭಾರತಿಯ ಮರಗಳ ಕಡೆಯಿಂದ ಗಾಳಿ ಎದ್ದರೆ ಮೆತ್ತನೆಯ ಕಂಬಳಿ ಸಾಲದು. ಕೌದಿಯ ಭಾರವೇ ಬೇಕು. ಮಗಳು ಅದನ್ನು ಓದುವ ಮೇಜಿನವರೆಗೂ ಎಳೆದೊಯ್ದು ಮೇಲೆ ಕಾಫಿ ಚೆಲ್ಲುತ್ತಾಳೆ. ನೀರು ಕುಡಿದ ಕೌದಿಯನ್ನು ನಮ್ಮ ವಾಷಿಂಗ್ ಮಷೀನು ತಿರುಗಿಸಲಾರದು. ತಾರಸಿಯಲ್ಲಿ ನಾವಿಬ್ಬರೂ ಎರಡು ತುದಿ ಹಿಡಿದು ಹಿಂಡಬೇಕು. ಹೀಗೇ ಒಗೆದರೆ ಬೇಗ ಹರಿಯುತ್ತದೆ ಎಂದು ಪಕ್ಕದ ಮನೆಯವರು ಎಚ್ಚರಿಸಿದ್ದಾರೆ. ಹರಿಯಲಿ. ಮೇಲೊಂದು ಪದರ ಹಾಕಿದರಾಯಿತು; ಅಷ್ಟು ಹೊತ್ತಿಗೆ ನನ್ನ ಕಾಟನ್ ಸೀರೆಗಳೂ ಸವೆದಿರುತ್ತವೆ.