ಓಲೆ ಇಲ್ಲ, ಕನ್ನಡಕ ಇಲ್ಲ

1
ಕಿಪ್ ಫುಲ್‌ಬೆಕ್ ಅವರ ತಾಯಿ ಚೀನಿ. ತಂದೆಯ ಕಡೆ ಇಂಗ್ಲಿಷ್, ಐರಿಶ್, ವೆಲ್ಷ್. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕಲೆಯ ಮೇಷ್ಟ್ರು. 2001ರಲ್ಲಿ ತಮ್ಮಂಥವರ ಫೋಟೊ ತೆಗೆಯಲು ಹೊರಟರು: ಏಷ್ಯಾದ್ದೋ ಪೆಸಿಫಿಕ್ ದ್ವೀಪಗಳದ್ದೋ ರಕ್ತ ಒಂದಿಷ್ಟು ಬೆರೆತವರು. ಅಲ್ಲಿ ಇವರನ್ನು ‘ಹಾಪಾ’ ಅನ್ನುತ್ತಾರೆ. ಬಂದು ಕೂತವರು 1,200ಕ್ಕೂ ಹೆಚ್ಚು.

2
ನಿಯಮ: ಭುಜದಿಂದ ಮೇಲೆ ಮಾತ್ರ. ಬಟ್ಟೆ ಕಾಣಬಾರದು. ಓಲೆ, ಸರ, ಕನ್ನಡಕ ಬೇಡ. ಬೇಕೆಂದು ನಗಬಾರದು, ಬೇಕೆಂದು ಮುಖ ಗಂಟಿಕ್ಕಲೂಬಾರದು. ಹಿಂದೆ ಬಿಳಿ.

ಪೊಲೀಸ್ ಠಾಣೆಯ ಫೋಟೊ ಹೆಚ್ಚುಕಡಿಮೆ ಹೀಗೇ. ಅಲ್ಲಿ ಅಂಗಿಗೆ ಅಡ್ಡಿಯಿಲ್ಲ.

3
ಆಮೇಲೆ ಒಂದು ಪ್ರಶ್ನೆ: ನೀವು ಏನು? ಉತ್ತರ ಅವರದೇ ಕೈಬರಹದಲ್ಲಿ. ಕೆಲವರದು ಒಂದೇ ಸಾಲು. ಮಕ್ಕಳು ಚಿತ್ರ ಬಿಡಿಸಿದ್ದೂ ಉಂಟು.

ನಮ್ಮ ರೈಲಿನಲ್ಲಿ ಇದೇ ಪ್ರಶ್ನೆ ‘ನೀವು ಯಾವ ಪೈಕಿ?’ ಎಂದು ಬರುತ್ತದೆ. ಬರೆದು ಕೊಡಿ ಎಂದು ಯಾರೂ ಕೇಳಿದ್ದಿಲ್ಲ.

4
2006ರಲ್ಲಿ ಪುಸ್ತಕವಾಯಿತು. ಮುಖ, ಕೈಬರಹ, ಜೊತೆಗೆ ಸಣ್ಣ ಅಕ್ಷರದಲ್ಲಿ ವಂಶದ ಪಟ್ಟಿ. ಹೆಸರಿಲ್ಲ.

ಪಟ್ಟಿ ಓದಿದ ಮೇಲೆ ಕಣ್ಣು ಮುಖಕ್ಕೆ ವಾಪಸು ಹೋಗುತ್ತದೆ. ಮೂಗಿನಲ್ಲಿ ವೆಲ್ಷ್ ಹುಡುಕುತ್ತದೆ.

5
ಪಟ್ಟಿಯಲ್ಲಿ ಶೇಕಡಾವಾರು ಇಲ್ಲ. ಪುಸ್ತಕದ ಹೆಸರಿನಲ್ಲಿದೆ: ‘ಪಾರ್ಟ್ ಏಷ್ಯನ್, 100% ಹಾಪಾ’.

6
ಅಮೆರಿಕದ ಜನಗಣತಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಲು ಬಿಟ್ಟದ್ದು 2000ದಲ್ಲಿ, ಮೊದಲ ಸಲ. ಹಾಗೆ ಹಾಕಿದವರು ಸುಮಾರು 68 ಲಕ್ಷ. 2020ರಲ್ಲಿ 3.38 ಕೋಟಿ. ಫಾರಂ ಬದಲಾಯಿತು, ಎಣಿಸುವ ರೀತಿಯೂ ಬದಲಾಯಿತು, ಏರಿಕೆಯಲ್ಲಿ ಅದರ ಪಾಲೂ ಇದೆ ಎಂದು ಇಲಾಖೆಯೇ ಹೇಳಿತು.

7
ಅದೇ ಕ್ಯಾಲಿಫೋರ್ನಿಯಾದಲ್ಲಿ 1948ರ ತನಕ ಬಿಳಿಯರು ಚೀನಿಯರನ್ನೋ ಜಪಾನಿಯರನ್ನೋ ಮದುವೆಯಾಗುವಂತಿರಲಿಲ್ಲ. ಇಂಪೀರಿಯಲ್ ಕಣಿವೆಗೆ ಬೇಸಾಯಕ್ಕೆ ಹೋದ ಪಂಜಾಬಿಗಳು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಲೈಸೆನ್ಸಿನಲ್ಲಿ ಜನಾಂಗದ ಜಾಗದಲ್ಲಿ ಗುಮಾಸ್ತರು ಕೆಲವು ಸಲ ಇಬ್ಬರಿಗೂ ‘ಕಂದು’ ಎಂದು ಬರೆದರು. ಮಕ್ಕಳ ಹೆಸರು ಸ್ಪ್ಯಾನಿಷ್‌ನಲ್ಲಿ ಶುರುವಾಗಿ ಸಿಂಗ್‌ನಲ್ಲಿ ಮುಗಿಯುತ್ತಿತ್ತು.

8
2018. ಲಾಸ್ ಏಂಜಲೀಸ್‌ನ ಜಪಾನಿ ಅಮೆರಿಕನ್ ಮ್ಯೂಸಿಯಂನಲ್ಲಿ ಪ್ರದರ್ಶನ. ಹಿಂದೆ ಕೂತಿದ್ದವರಲ್ಲಿ ಹಲವರನ್ನು ಫುಲ್‌ಬೆಕ್ ಮತ್ತೆ ಕೂರಿಸಿದ್ದರು. ಹಳೆ ಫೋಟೊ ಪಕ್ಕ ಹೊಸದು, ಹಳೆ ಉತ್ತರದ ಪಕ್ಕ ಹೊಸ ಉತ್ತರ.

ಬಟ್ಟೆ ಇಲ್ಲ, ಕನ್ನಡಕ ಇಲ್ಲ. ಯಾವ ಕಾಲದ ಫೋಟೊ ಎಂದು ಹೇಳಲು ಕೂದಲನ್ನೇ ನಂಬಬೇಕು. ನಿಯಮದ ಪಟ್ಟಿಯಲ್ಲಿ ಕೂದಲಿರಲಿಲ್ಲ.

9
ನಮ್ಮಲ್ಲಿ ಇದಕ್ಕೂ ಮೊದಲು ಮುಖಗಳ ಪಟ್ಟಿ ಮಾಡಿದವರು ಎಡ್ಗರ್ ಥರ್ಸ್ಟನ್. ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥ. ದಕ್ಷಿಣ ಭಾರತದ ಜಾತಿಗಳ ಮೂಗು ಅಳೆದವರು. 1890ರ ದಶಕದಲ್ಲಿ ಯುರೇಷಿಯನ್ನರನ್ನೂ, ಎಂದರೆ ಯುರೋಪಿನ ಮತ್ತು ಭಾರತದ ರಕ್ತ ಬೆರೆತವರನ್ನೂ, ಅಳೆದರು. 1909ರ ಅವರ ಏಳು ಸಂಪುಟಗಳಲ್ಲಿ ಫೋಟೊಗಳ ಕೆಳಗೆ ಹೆಚ್ಚಾಗಿ ಇರುವುದು ಜಾತಿಯ ಹೆಸರು.

ಅಲ್ಲಿಯೂ ಕೂತವರ ಹೆಸರು ಸಿಗುವುದು ಅಪರೂಪ. ಕೈಬರಹವಂತೂ ಇಲ್ಲವೇ ಇಲ್ಲ.

10
ಯುರೇಷಿಯನ್ನರೇ ಮುಂದೆ ಆಂಗ್ಲೋ-ಇಂಡಿಯನ್ನರಾದರು. 1882ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಹುಟ್ಟಿದ್ದು ಇವರಿಗಾಗಿ. ಕರ್ನಾಟಕದ ವಿಧಾನಸಭೆಯಲ್ಲಿ ಇವರಿಗೊಂದು ನಾಮನಿರ್ದೇಶನದ ಸ್ಥಾನವಿತ್ತು; 2020ರಿಂದ ಆ ವ್ಯವಸ್ಥೆ ಇಲ್ಲ. ಆಂಗ್ಲೋ-ಇಂಡಿಯನ್ ಯಾರು ಎಂಬುದು ಸಂವಿಧಾನದ 366ನೇ ವಿಧಿಯಲ್ಲಿದೆ. ಯುರೋಪಿನ ಮೂಲ ತಂದೆಯ ಕಡೆಯಿಂದ, ಗಂಡು ಸಾಲಿನಲ್ಲೇ ಬಂದಿರಬೇಕು. ತಾಯಿಯಿಂದ ಬಂದದ್ದು ಲೆಕ್ಕಕ್ಕಿಲ್ಲ.